ಹಳೆಯ ಲಾರಿಯನ್ನು ಎಂಜಿನ್ ಜಾಮ್ ಆಗುವವರೆಗೆ ಓಡಿಸಿದೆವು, ಇದರಲ್ಲಿ ತಪ್ಪೇನಿದೆ?

ಮಾಲೂರಿನವನು (ಭಾನುವಾರ ರಾತ್ರಿ 9.10)

ನಾವು ಐವರು ಗೆಳೆಯರು ತಲಾ 28,000 ಹಾಕಿ, ಇಟ್ಟಿಗೆ ಗೂಡಿನ ಮಾಲೀಕರೊಬ್ಬರಿಂದ 1988ರ ಟಾಟಾ 1210 ಲಾರಿಯನ್ನು 1,40,000 ರೂಪಾಯಿಗೆ ಕೊಂಡೆವು. ಎಫ್‌ಸಿ (ರಸ್ತೆಗಿಳಿಯಲು ಬೇಕಾದ ಅರ್ಹತಾ ಪತ್ರ) ಮುಗಿದು ನಾಲ್ಕು ವರ್ಷವಾಗಿತ್ತು. ಕ್ಯಾಬಿನ್ನಿನ ತಳವನ್ನು ತುಕ್ಕು ತಿಂದು, ಕ್ಲಚ್ ಪಕ್ಕದ ತೂತಿನಿಂದ ನೆಲ ಕಾಣುತ್ತಿತ್ತು. ಇಂದು ಬೆಳಗ್ಗೆ ಅದನ್ನು ಗೆಳೆಯನೊಬ್ಬನ ತಂದೆಯ ಜಮೀನಿನಲ್ಲಿರುವ, ಕೆಲಸ ನಿಂತುಹೋದ ಕಲ್ಲುಕ್ವಾರಿಗೆ ಎಳೆಸಿಕೊಂಡು ಹೋದೆವು. ಬಂಡೆ ಹತ್ತಿಸಿದೆವು, ಗುಂಡಿಗೆ ಹಾರಿಸಿದೆವು, ಮುಂದಿನ ಸ್ಪ್ರಿಂಗ್ ಪ್ಲೇಟುಗಳು ತುಂಡಾದ ಮೇಲೂ ಓಡಿಸಿದೆವು. ಕೊನೆಗೆ ಎಂಜಿನ್ ತಳದ ಎಣ್ಣೆ ತೊಟ್ಟಿಯ, ಅಂದರೆ ಸಂಪಿನ, ನಟ್ಟು ಬಿಚ್ಚಿ ಎಂಜಿನ್ ಎಣ್ಣೆಯನ್ನೆಲ್ಲ ಬಸಿದು, ಆಕ್ಸಿಲರೇಟರ್ ಮೇಲೆ ಒಂದು ಇಟ್ಟಿಗೆ ಇಟ್ಟು ದೂರ ಹೋಗಿ ನಿಂತೆವು. ಎಣ್ಣೆಯಿಲ್ಲದೆ ಹದಿನೇಳು ನಿಮಿಷ ಓಡಿತು. ಆಮೇಲೆ ಒಂದೇ ಪೆಟ್ಟಿಗೆ ಜಾಮ್.

ವಿಡಿಯೊ ಹಾಕಿದಾಗಿನಿಂದ ಊರಿನವರು, ನೆಂಟರು, ಗೊತ್ತಿಲ್ಲದವರು ಎಲ್ಲರೂ ಬೈಯುತ್ತಿದ್ದಾರೆ. ದುಡ್ಡು ನಮ್ಮದು, ಲಾರಿ ನಮ್ಮದು, ಜಾಗ ನಮ್ಮವರದು. ಯಾರಿಗೂ ಒಂದು ಗೀರೂ ಆಗಿಲ್ಲ. ತಪ್ಪೇನಿದೆ ಎಂದು ಯಾರಾದರೂ ಸರಿಯಾಗಿ ಹೇಳಿ.

ನಿವೃತ್ತ ಚಾಲಕ, ಕೋಲಾರ (ರಾತ್ರಿ 9.34)

ತಮ್ಮಾ, ವಿಡಿಯೊ ಪೂರ್ತಿ ನೋಡಿದೆ. ಮೂವತ್ತೊಂದು ವರ್ಷ ಸ್ಟಿಯರಿಂಗ್ ಹಿಡಿದವನು ನಾನು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ತುಂಬಿಸಿಕೊಂಡು ನಾಗಪುರ ದಾಟಿ ದೆಹಲಿ ಮುಟ್ಟಿದ್ದು ಇಂಥದೇ ಲಾರಿಯಲ್ಲಿ. ಹನ್ನೆರಡನೆಯ ನಿಮಿಷದಲ್ಲಿ ಎಂಜಿನ್ ಕಿರುಚತೊಡಗಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಅದು ಬೇರಿಂಗ್ ಕಿತ್ತುಹೋಗಿ, ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್ ಒಣಗಿ ತಿರುಗುವ ಸದ್ದು. ನಡುರಾತ್ರಿ, ಹಿಂದೆ ಒಂಬತ್ತು ಟನ್ ಮಾಲು ಇಟ್ಟುಕೊಂಡು ಆ ಸದ್ದು ಕೇಳಿದವನಿಗೆ ಗೊತ್ತು, ಹೊಟ್ಟೆಯೊಳಗೆ ಏನಾಗುತ್ತದೆ ಎಂದು.

ಪ್ರತಿ ಆಯುಧ ಪೂಜೆಗೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಯಾರೋ ಕೈ ಮುಗಿದ ಲಾರಿ ಅದು. ವಯಸ್ಸಾದರೆ ಗುಜರಿಗೆ ಹಾಕಲಿ, ನಾನು ಬೇಡ ಎನ್ನುವುದಿಲ್ಲ. ಹಿಂಸಿಸಿ ಕೊಂದು ಅದನ್ನು ಆಟವೆಂದು ತೋರಿಸಬೇಡಿ. ಇನ್ನೊಂದು ಮಾತು: ಎಣ್ಣೆಯಿಲ್ಲದೆ ಹದಿನೇಳು ನಿಮಿಷ ಎನ್ನುವುದನ್ನು ನಾನು ನಂಬುವುದಿಲ್ಲ.

ಮಾಲೂರಿನವನು (ರಾತ್ರಿ 9.41)

ಯಜಮಾನರೇ, ನಂಬುವುದಿಲ್ಲ ಎಂದರೆ ಏನರ್ಥ? ವಿಡಿಯೊದಲ್ಲಿ ಒಂದು ಕಡೆಯೂ ಕತ್ತರಿಸಿಲ್ಲ. ಮೂಲೆಯಲ್ಲಿ ಗಡಿಯಾರ ಓಡುತ್ತಿದೆ. ನಟ್ಟು ಬಿಚ್ಚಿದ್ದನ್ನು ಹತ್ತಿರದಿಂದ ತೋರಿಸಿದ್ದೇವೆ. ಸುಳ್ಳುಗಾರ ಎನ್ನುವುದಾದರೆ ನೇರವಾಗಿ ಹೇಳಿಬಿಡಿ.

ಆರು ಸಿಲಿಂಡರ್, ತುಮಕೂರು (ರಾತ್ರಿ 9.55)

ಹದಿನೇಳು ನಿಮಿಷದಲ್ಲಿ ಆಶ್ಚರ್ಯವೇನೂ ಇಲ್ಲ. 1210ರಲ್ಲಿ ಇರುವುದು ಬೆಂಜ್ ಎಂಜಿನ್. ಆ ಎಂಜಿನ್ನನ್ನು ಕೊಲ್ಲುವುದು ಅಷ್ಟು ಸುಲಭವಲ್ಲ. ನಮ್ಮ ತಂದೆಯವರು ಇಂದಿಗೂ ಆ ಲಾರಿಯನ್ನು ‘ಟಾಟಾ ಬೆಂಜ್’ ಎಂದೇ ಕರೆಯುತ್ತಾರೆ.

ಲೇಲ್ಯಾಂಡ್ ಮನೆತನ, ಚಿಂತಾಮಣಿ (ರಾತ್ರಿ 10.02)

ತಂದೆಯವರು ಕರೆದ ಮಾತ್ರಕ್ಕೆ ಬೆಂಜ್ ಆಗುವುದಿಲ್ಲ ಸ್ವಾಮಿ. ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ, ಆಗ ಟಾಟಾ ಲಾರಿ ಮಾಡುತ್ತಿದ್ದ ಟೆಲ್ಕೊ ಕಂಪನಿ ಮಾಡಿಕೊಂಡ ಒಪ್ಪಂದ 1954ರದು, ಹದಿನೈದು ವರ್ಷದ್ದು, 1969ಕ್ಕೆ ಮುಗಿಯಿತು. ಮೂತಿಯ ಮೇಲಿದ್ದ ಮೂರು ಮೂಲೆಯ ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂತು. ಈ ಲಾರಿ 1988ರದು. ಹತ್ತೊಂಬತ್ತು ವರ್ಷದ ಹಿಂದೆ ಮುಗಿದ ಸಂಬಂಧದ ಹೆಸರು ಹೇಳಿಕೊಂಡು ಎಷ್ಟು ದಿನ ಮೆರೆಯುತ್ತೀರಿ?

ಕೆರೆಯಂಗಳ, ಮುಳಬಾಗಿಲು (ರಾತ್ರಿ 10.06)

ನಿಮಗೆಲ್ಲ ಎಂಜಿನ್ನಿನದೇ ಚಿಂತೆ. ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಬಸಿದ ಎಣ್ಣೆ ಎಲ್ಲಿಗೆ ಹೋಯಿತು? ವಿಡಿಯೊದಲ್ಲಿ ಸಂಪಿನ ಕೆಳಗೆ ಬಕೆಟ್ ಕಾಣಿಸುವುದಿಲ್ಲ. ಕರಿ ಎಣ್ಣೆ ಹಗ್ಗದಂತೆ ಇಳಿದು ಜಲ್ಲಿಪುಡಿಯ ಮೇಲೆ ಹರಡಿ, ಬಂಡೆಯ ಬಿರುಕು ಸಿಕ್ಕಿದ ಕಡೆ ಇಂಗಿಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. ಬಳಸಿದ ಎಂಜಿನ್ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಸದಾ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಕ್ವಾರಿಯಲ್ಲಿ ನಿಂತ ಮಳೆನೀರನ್ನು ದನಗಳು ಕುಡಿಯುತ್ತವೆ, ಬೇಸಿಗೆಯಲ್ಲಿ ಹೆಂಗಸರು ಬಟ್ಟೆ ಒಗೆಯಲು ಹೋಗುತ್ತಾರೆ. ‘ಜಾಗ ನಮ್ಮವರದು’ ಎಂದಿರಿ. ಬಂಡೆಯ ಕೆಳಗಿನ ನೀರೂ ನಿಮ್ಮವರದೇ?

ಮಾಲೂರಿನವನು (ರಾತ್ರಿ 10.15)

ಅಕ್ಕ, ಕೆರೆ ನೀರಿನ ಮಾತು ನೀವು ಎತ್ತಿದ್ದು ಒಳ್ಳೆಯದಾಯಿತು. 2018ರಿಂದ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಕೊಳವೆಯಲ್ಲಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅದರ ಮುಂದೆ ನಮ್ಮ ಒಂದು ಬಕೆಟ್ ಎಣ್ಣೆ ಯಾವ ಲೆಕ್ಕ? ಆಗ ಎಲ್ಲಿದ್ದಿರಿ?

ಕೆರೆಯಂಗಳ, ಮುಳಬಾಗಿಲು (ರಾತ್ರಿ 10.21)

ಎಲ್ಲಿದ್ದೆ ಎಂದು ಕೇಳುತ್ತೀರಾ? ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಆಗಬೇಕು ಎಂದು ಕೋಲಾರದಲ್ಲಿ ಬಿಸಿಲಿಗೆ ಕುಳಿತವರ ನಡುವೆ ಇದ್ದೆ. ನೀವು ಎಲ್ಲಿದ್ದಿರಿ? ಎಣ್ಣೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಆರು ಸಿಲಿಂಡರ್, ತುಮಕೂರು (ರಾತ್ರಿ 10.24)

ಚಿಂತಾಮಣಿಯವರಿಗೆ: ಒಪ್ಪಂದ ಮುಗಿದರೆ ಎಂಜಿನ್ನಿನ ಅಳತೆ ಬದಲಾಗುತ್ತದೆಯೇ? ಬೆಂಜ್ ಕಂಪನಿ 1964ರಲ್ಲಿ ತಂದ ಓಎಂ 352 ಎಂಜಿನ್ನಿನ ಬೋರ್ (ಸಿಲಿಂಡರಿನ ಒಳ ವ್ಯಾಸ) 97 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 128 ಮಿ.ಮೀ., ಆರು ಸಿಲಿಂಡರ್, ಒಟ್ಟು 5,675 ಸಿಸಿ. ಟಾಟಾದ 697 ಎಂಜಿನ್ನಿನ ಬೋರ್ 97, ಸ್ಟ್ರೋಕ್ 128, ಆರು ಸಿಲಿಂಡರ್, 5,675 ಸಿಸಿ. 697 ಎಂದರೇ ಆರು ಸಿಲಿಂಡರ್, 97ರ ಬೋರ್. ಒಂದು ಮಿಲಿಮೀಟರ್ ವ್ಯತ್ಯಾಸ ತೋರಿಸಿ, ನಾನು ಈ ಚರ್ಚೆಯಿಂದ ಎದ್ದುಹೋಗುತ್ತೇನೆ.

ಕಾನೂನು ಕನ್ನಡ, ಚಿಕ್ಕಬಳ್ಳಾಪುರ (ರಾತ್ರಿ 10.40)

ನಾನು ವಕೀಲ. ಮೂರು ವಿಷಯ. ಒಂದು, ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕ ಹದಿನಾಲ್ಕು ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇದು ಮೋಟಾರು ವಾಹನ ಕಾಯ್ದೆಯ 55ನೆಯ ಸೆಕ್ಷನ್. ಆರ್‌ಸಿ ಈಗ ಯಾರ ಹೆಸರಿನಲ್ಲಿದೆ? ಇಟ್ಟಿಗೆ ಗೂಡಿನವರ ಹೆಸರಿನಲ್ಲೇ ಇದ್ದರೆ, ನಾಳೆ ಆ ಚಾಸಿಸ್ ನಂಬರ್ ಬೇರೆ ಯಾವುದಾದರೂ ಕಳ್ಳ ಲಾರಿಯ ಮೈಮೇಲೆ ಕಾಣಿಸಿಕೊಂಡಾಗ ಅವರ ಮನೆಗೆ ಪೊಲೀಸರು ಹೋಗುತ್ತಾರೆ.

ಎರಡು, ಇಟ್ಟಿಗೆ ಇಟ್ಟು ದೂರ ನಿಂತೆವು ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಸವೆದ ರಿಂಗಿನ ಡೀಸೆಲ್ ಎಂಜಿನ್ ತನ್ನದೇ ಎಣ್ಣೆಯನ್ನು ಎಳೆದುಕೊಂಡು ಉರಿಸಲು ಆರಂಭಿಸಿದರೆ ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಗಾಳಿಯ ದಾರಿ ಮುಚ್ಚಬೇಕು. ಸುತ್ತ ನಲವತ್ತು ಜನ ಮೊಬೈಲ್ ಹಿಡಿದು ನಿಂತಿದ್ದರು. ಅದರಲ್ಲಿ ಚಡ್ಡಿ ಹಾಕಿದ ಮಕ್ಕಳಿದ್ದರು. ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬಂದಿದ್ದರೆ? ಭಾರತೀಯ ನ್ಯಾಯ ಸಂಹಿತೆಯ 106ನೆಯ ಸೆಕ್ಷನ್ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಜೈಲು.

ಮೂರು, ಈ ಆಟ ಹೊಸದೇನಲ್ಲ. 1896ರ ಸೆಪ್ಟೆಂಬರ್ 15ರಂದು ಅಮೆರಿಕದ ಟೆಕ್ಸಾಸಿನಲ್ಲಿ ಒಂದು ರೈಲು ಕಂಪನಿ, ಹಳೆಯ ಎರಡು ಉಗಿ ಎಂಜಿನ್‌ಗಳನ್ನು ಎದುರುಬದುರಾಗಿ ಬಿಟ್ಟು ಡಿಕ್ಕಿ ಹೊಡೆಸಿತು. ಸುಮಾರು ನಲವತ್ತು ಸಾವಿರ ಜನ ನೋಡಲು ಬಂದಿದ್ದರು. ಬಾಯ್ಲರ್‌ಗಳು ಸಿಡಿಯುವುದಿಲ್ಲ ಎಂದು ನಂಬಿಸಿದ್ದರು. ಎರಡೂ ಸಿಡಿದವು. ಕನಿಷ್ಠ ಇಬ್ಬರು ಸತ್ತರು.

ಮಾಲೂರಿನವನು (ರಾತ್ರಿ 10.58)

ವಕೀಲರೇ, ಅದೇ ಕಥೆಯ ಅರ್ಧವನ್ನು ಮಾತ್ರ ಹೇಳಿದಿರಿ. ಆ ಡಿಕ್ಕಿ ಏರ್ಪಡಿಸಿದ ಅಧಿಕಾರಿಯನ್ನು ಅಂದೇ ಕೆಲಸದಿಂದ ತೆಗೆದು, ಮರುದಿನವೇ ವಾಪಸು ತೆಗೆದುಕೊಂಡರು. ಜನರಿಗೆ ಅದು ಅಷ್ಟು ಹಿಡಿಸಿತ್ತು.

ಬಿಬಿಸಿಯವರು 2003ರಲ್ಲಿ ಒಂದು ಹಳೆಯ ಟೊಯೋಟಾ ಹೈಲಕ್ಸ್ ಗಾಡಿಯನ್ನು ಸಮುದ್ರದ ಉಬ್ಬರಕ್ಕೆ ಕಟ್ಟಿ ಮುಳುಗಿಸಿದರು, ಬೆಂಕಿ ಹಚ್ಚಿದರು, ಕಟ್ಟಡ ಒಡೆಯುವ ಕಬ್ಬಿಣದ ಗುಂಡಿನಿಂದ ಹೊಡೆದರು, ಕೊನೆಗೆ 240 ಅಡಿ ಎತ್ತರದ ಕಟ್ಟಡದ ನೆತ್ತಿಯ ಮೇಲಿಟ್ಟು ಆ ಕಟ್ಟಡವನ್ನೇ ಸಿಡಿಸಿ ಕೆಡವಿದರು. ಪ್ರಪಂಚವೆಲ್ಲ ನೋಡಿ ಮೆಚ್ಚಿತು. ಅಮೆರಿಕದ ಸರಕಾರ 2009ರಲ್ಲಿ ಹಳೆಯ ವಾಹನ ಕೊಟ್ಟು ಹೊಸದು ಕೊಳ್ಳುವವರಿಗೆ ಸಹಾಯಧನ ಕೊಟ್ಟಿತು. ಬಂದ ವಾಹನಗಳು ಆರೂಮುಕ್ಕಾಲು ಲಕ್ಷ. ಅವುಗಳ ಎಂಜಿನ್ ಎಣ್ಣೆ ಬಸಿದು, ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಜಾಮ್ ಆಗುವವರೆಗೆ ಓಡಿಸಿದರು. ಸರಕಾರವೇ ಮಾಡಿದರೆ ಯೋಜನೆ, ಮಾಲೂರಿನ ಐದು ಹುಡುಗರು ಮಾಡಿದರೆ ಹಿಂಸೆ!

ಕೆರೆಯಂಗಳ, ಮುಳಬಾಗಿಲು (ರಾತ್ರಿ 11.04)

ಹೊಗೆ ಕಾರುವ ಎಂಜಿನ್ ಮತ್ತೆ ರಸ್ತೆಗೆ ಬರಬಾರದು ಎಂದು ಅವರು ಕೊಂದರು. ನೀವು ನೋಡುವವರ ಲೆಕ್ಕ ಏರಲಿ ಎಂದು ಕೊಂದಿರಿ. ಎಣ್ಣೆ ಎಲ್ಲಿ?

ನಿವೃತ್ತ ಚಾಲಕ, ಕೋಲಾರ (ರಾತ್ರಿ 11.12)

ಹೈಲಕ್ಸ್ ವಿಷಯ ನನ್ನ ಮಗನೂ ತೋರಿಸಿದ್ದಾನೆ. ಪ್ರತಿ ಪೆಟ್ಟಿನ ಮೇಲೂ ಅವರ ಮೆಕ್ಯಾನಿಕ್ ಸ್ಪಾನರ್ ಹಿಡಿದು ಕುಳಿತು, ಹೊಸ ಬಿಡಿಭಾಗ ಹಾಕದೆ ಅದನ್ನು ಮತ್ತೆ ಚಾಲೂ ಮಾಡಿದ. ಅದು ಆ ಗಾಡಿಗೆ ಸಿಕ್ಕ ಮರ್ಯಾದೆ. ನೀವು ಜಾಮ್ ಆದ ಮೇಲೆ ಬಾನೆಟ್ ಹತ್ತಿ ಕುಣಿದಿರಿ.

ಬೆಂಜ್ ಎನ್ನುವವರಿಗೂ ಒಂದು ಮಾತು. 1988ರ ಲಾರಿ ಇಂದಿನವರೆಗೆ ಓಡಿದೆ ಎಂದರೆ ಸವೆದ ಸಿಲಿಂಡರನ್ನು ಸರಿಪಡಿಸುವ ಬೋರ್ ಕೆಲಸ ಕನಿಷ್ಠ ಎರಡು ಸಲ ಆಗಿರುತ್ತದೆ. ಆ ಕೆಲಸ ಮಾಡಿದವನು ಜರ್ಮನಿಯಿಂದ ಬರಲಿಲ್ಲ. ಬಂಗಾರಪೇಟೆಯಲ್ಲೋ ಕೋಲಾರದಲ್ಲೋ ಎಣ್ಣೆ ಮೆತ್ತಿದ ಲುಂಗಿ ಉಟ್ಟ ಒಬ್ಬ ಮೇಸ್ತ್ರಿ ಮಾಡಿದ್ದಾನೆ. ಹೆಸರು ಹೇಳುವುದಿದ್ದರೆ ಅವನದನ್ನು ಹೇಳಿ.

ಆರು ಸಿಲಿಂಡರ್, ತುಮಕೂರು (ರಾತ್ರಿ 11.19)

ಮೇಸ್ತ್ರಿಯ ಕೈಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಮೇಸ್ತ್ರಿ ಬೋರ್ ಮಾಡುತ್ತಾನೆ, ವಿನ್ಯಾಸ ಮಾಡುವುದಿಲ್ಲ. ಆ ಕ್ರ್ಯಾಂಕಿಗೆ ಏಳು ಮುಖ್ಯ ಬೇರಿಂಗ್ ಕೊಟ್ಟು ಭದ್ರ ಮಾಡಿದ್ದು ಯಾರ ತಲೆ? ಬೆಂಜ್ ತಲೆ.

ಲೇಲ್ಯಾಂಡ್ ಮನೆತನ, ಚಿಂತಾಮಣಿ (ರಾತ್ರಿ 11.25)

ಈಗ ‘ತಲೆ’ ಎನ್ನುತ್ತಿದ್ದೀರಿ, ಒಂದೂವರೆ ಗಂಟೆಯ ಹಿಂದೆ ‘ಇರುವುದು ಬೆಂಜ್ ಎಂಜಿನ್’ ಎಂದಿರಿ. ಎರಡರಲ್ಲಿ ಯಾವುದು? ನಕ್ಷೆ ಬೆಂಜಿನದು ಇರಬಹುದು, ಇಲ್ಲ ಎಂದವರು ಯಾರು? ಕಬ್ಬಿಣ ಎರಕ ಹೊಯ್ದದ್ದು, ಕ್ರ್ಯಾಂಕ್ ಕಡೆದದ್ದು ಜೆಮ್‌ಶೆಡ್‌ಪುರದಲ್ಲಿ. 1945ರಲ್ಲಿ ರೈಲು ಎಂಜಿನ್ ಮಾಡಲು ಹುಟ್ಟಿದ ಕಾರ್ಖಾನೆ ಅದು, ಕಬ್ಬಿಣದ ಕೆಲಸವನ್ನು ಯಾರೂ ಬಂದು ಹೇಳಿಕೊಡಬೇಕಾಗಿರಲಿಲ್ಲ. ಅದೇ ಕಂಪನಿ 1986ರಲ್ಲಿ 407 ಎಂಬ ಸಣ್ಣ ಲಾರಿ ತಂದಾಗ ಜಪಾನಿನ ಹೆಸರು ಹೊತ್ತ ನಾಲ್ಕು ಕಂಪನಿಗಳು ಎದುರಿಗಿದ್ದವು. ಗೆದ್ದದ್ದು 407. ನಾನು ಲೇಲ್ಯಾಂಡ್ ಮನೆಯವನಾಗಿಯೂ ಈ ಮಾತು ಹೇಳುತ್ತಿದ್ದೇನೆ. ನಮ್ಮವರು ಮಾಡಿದ್ದನ್ನು ಹೊರಗಿನವರ ಹೆಸರಿಗೆ ಬರೆಯುವ ಚಾಳಿ ನನಗೆ ಸಹಿಸಲಾಗುವುದಿಲ್ಲ.

ಆರು ಸಿಲಿಂಡರ್, ತುಮಕೂರು (ರಾತ್ರಿ 11.31)

ಲೇಲ್ಯಾಂಡ್ ಎಂಬುದು ಇಂಗ್ಲೆಂಡಿನ ಒಂದು ಊರಿನ ಹೆಸರು. ಆ ಊರಿನ ಹೆಸರನ್ನು ಹಣೆಯ ಮೇಲೆ ಬರೆದುಕೊಂಡು ಓಡುವ ಲಾರಿಯವರು ನಮಗೆ ಸ್ವದೇಶಿ ಪಾಠ ಹೇಳುವುದೇ?

ಲೇಲ್ಯಾಂಡ್ ಮನೆತನ, ಚಿಂತಾಮಣಿ (ರಾತ್ರಿ 11.33)

ಊರಿನ ಹೆಸರು ಇಟ್ಟುಕೊಂಡಿದ್ದನ್ನು ನಾವು ಮುಚ್ಚಿಟ್ಟಿಲ್ಲ. 1948ರಲ್ಲಿ ಅಶೋಕ್ ಮೋಟಾರ್ಸ್ ಆಗಿ ಆರಂಭವಾಗಿ, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ನೀವು ನಕ್ಷತ್ರ ಕಿತ್ತುಹೋದ ಮೇಲೂ ನಕ್ಷತ್ರದ ಹೆಸರಿನಲ್ಲಿ ಜಂಬ ಕೊಚ್ಚುತ್ತಿದ್ದೀರಿ. ನಮ್ಮ ಲೇಲ್ಯಾಂಡ್ ಕಾಮೆಟ್ ಲಾರಿಗೆ ಹತ್ತಿ ಒಮ್ಮೆ ಮುರುಗಮಲ್ಲದ ಏರು ಹತ್ತಿಸಿ ನೋಡಿ, ಆಮೇಲೆ ಮಾತನಾಡೋಣ.

ಗುಜರಿ ಲೆಕ್ಕ, ತುಮಕೂರು (ಸೋಮವಾರ ಬೆಳಗ್ಗೆ 6.50)

ರಾತ್ರಿಯೆಲ್ಲ ಇದೇ ಆಯಿತೇ? ನಾನು ಇಪ್ಪತ್ತೆರಡು ವರ್ಷದಿಂದ ಲಾರಿ ಬಿಚ್ಚುವವನು. ಯಾರೂ ಮಾತನಾಡದ ನಷ್ಟವೊಂದನ್ನು ಹೇಳುತ್ತೇನೆ.

ಓಡುವ 1210 ಗುಜರಿಗೆ ಬಂದರೆ ನಾವು ಅದನ್ನು ಕಬ್ಬಿಣ ಎಂದು ತೂಗುವುದಿಲ್ಲ. ಎಂಜಿನ್ ಇಳಿಸಿ ಬೋರ್‌ವೆಲ್ ಕಂಪ್ರೆಸರ್‌ಗೋ ಜಲ್ಲಿ ಕ್ರಷರ್‌ಗೋ ಕೊಡುತ್ತೇವೆ. ಗೇರ್ ಬಾಕ್ಸ್ ಬೇರೆ, ಹಿಂದಿನ ಹೌಸಿಂಗ್ ಬೇರೆ. ಮುಂದಿನ ಆಕ್ಸಲ್ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವರಿಗೆ ಹೋಗುತ್ತದೆ. ಪ್ಲೇಟುಗಳನ್ನು ಕಮ್ಮಾರರು ಕಾದು ಒಯ್ಯುತ್ತಾರೆ. ತಿಪಟೂರು ಕಡೆ ತೆಂಗಿನಕಾಯಿ ಕೆತ್ತುವ ಮಚ್ಚು, ಎಳನೀರು ಕೊಚ್ಚುವ ಮಚ್ಚು, ಹುಲ್ಲು ಕೊಯ್ಯುವ ಕುಡುಗೋಲು ಎಲ್ಲ ಲಾರಿ ಪ್ಲೇಟಿನವೇ. ಆ ಉಕ್ಕು ಬಾಗಿ ಎದ್ದರೂ ಮುರಿಯದಂತೆ ಹದಗೊಂಡಿರುತ್ತದೆ. ಈ ಹುಡುಗರು ಅಂಥದ್ದನ್ನು ಬಂಡೆಗೆ ಬಡಿದು ತುಂಡು ಮಾಡಿದರು. ಈಗ ಅದು ಬರೀ ತೂಕ. ಐದು ಟನ್ ಎಂದೇ ಇಟ್ಟುಕೊಳ್ಳಿ, ಎಷ್ಟು ಬಂದೀತು?

ಮಾಲೂರಿನವನು (ಬೆಳಗ್ಗೆ 8.15)

ಎಷ್ಟು ಬಂದೀತು ಎಂದು ಕೇಳಿದಿರಿ, ಹೇಳುತ್ತೇನೆ. ಇಲ್ಲಿಯ ಗುಜರಿಯವರು 1,12,000ಕ್ಕೆ ಮಾತು ಕೊಟ್ಟಿದ್ದಾರೆ. ನಮಗೆ ಹೋದದ್ದು 28,000, ತಲಾ 5,600. ಐವರು ಬೆಂಗಳೂರಿಗೆ ಹೋಗಿ ಒಂದು ಕ್ರಿಕೆಟ್ ಪಂದ್ಯ ನೋಡಿ ಬಂದರೆ ಅಷ್ಟೇ ಆಗುತ್ತದೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ.

ಗುಜರಿ ಲೆಕ್ಕ, ತುಮಕೂರು (ಬೆಳಗ್ಗೆ 8.22)

1,12,000 ಎಂದರೆ ನಿಮ್ಮನ್ನು ಹದಿನೈದು ಸಾವಿರಕ್ಕಾದರೂ ಮುಳುಗಿಸಿದ್ದಾರೆ. ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕದ ಚೀಟಿ ಕೈಗೆ ಬಂದ ಮೇಲೆ ದರ ಮಾತನಾಡಬೇಕಾಗಿತ್ತು. ಅಷ್ಟೂ ತಿಳಿಯದವರು ಲಾರಿ ಮುಟ್ಟಬಾರದು.

ನಿವೃತ್ತ ಚಾಲಕ, ಕೋಲಾರ (ಬೆಳಗ್ಗೆ 8.40)

ಕ್ರಿಕೆಟ್ ನೋಡಿ ಬಂದ ಮೇಲೆ ಆ ಆಟಗಾರ ಮರುದಿನವೂ ಆಡುತ್ತಾನೆ ತಮ್ಮಾ.

ನಾನು ಎಣ್ಣೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ವಿಡಿಯೊದಲ್ಲಿ ಲಾರಿ ಎಡಕ್ಕೆ ವಾಲಿ ನಿಂತಿದೆ, ಮೂತಿ ಕೆಳಗಿದೆ. ಹಾಗೆ ನಿಂತ ಲಾರಿಯ ಸಂಪಿನಲ್ಲಿ ನಟ್ಟು ಬಿಚ್ಚಿದರೂ ಎರಡು ಮೂರು ಲೀಟರ್ ಉಳಿಯುತ್ತದೆ. ಫಿಲ್ಟರಿನಲ್ಲಿ ಇನ್ನಷ್ಟು. ಮೇಲಾಗಿ ಎಂಜಿನ್ ಖಾಲಿ ತಿರುಗುತ್ತಿತ್ತು, ಗೇರಿಗೆ ಹಾಕಿರಲಿಲ್ಲ. ಹೊರೆಯಿಲ್ಲದ ಎಂಜಿನ್ ಹೆಚ್ಚು ಹೊತ್ತು ತಡೆಯುತ್ತದೆ. ಆದುದರಿಂದ ಹದಿನೇಳು ನಿಮಿಷ ಓಡಿದ್ದು ನಿಜವಿರಬಹುದು, ‘ಎಣ್ಣೆಯಿಲ್ಲದೆ’ ಎಂಬುದು ನಿಜವಲ್ಲ.

ಆರು ಸಿಲಿಂಡರ್, ತುಮಕೂರು (ಬೆಳಗ್ಗೆ 9.05)

ಯಜಮಾನರು ‘ನಿಜವಿರಬಹುದು’ ಎಂದು ಒಪ್ಪಿದರು. ನಾನು ಹೇಳಿದ್ದೂ ಅದೇ. ಎರಡು ಲೀಟರ್ ಎಣ್ಣೆಯಲ್ಲಿ ಹದಿನೇಳು ನಿಮಿಷ ತಡೆಯುವ ಎಂಜಿನ್ ಬೆಂಜ್ ಅಲ್ಲದೆ ಇನ್ನೇನು?

ಲೇಲ್ಯಾಂಡ್ ಮನೆತನ, ಚಿಂತಾಮಣಿ (ಬೆಳಗ್ಗೆ 9.11)

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು ನಿಮ್ಮ ವಾದ. ಓಡಿದರೂ ಬೆಂಜ್, ನಿಂತರೂ ಬೆಂಜ್. ಆ ಬ್ಲಾಕಿನ ಮೇಲೆ ಒಂದೇ ಒಂದು ಜರ್ಮನ್ ಅಕ್ಷರ ಇದ್ದರೆ ಫೋಟೊ ತೋರಿಸಿ.

ಕಾನೂನು ಕನ್ನಡ, ಚಿಕ್ಕಬಳ್ಳಾಪುರ (ಬೆಳಗ್ಗೆ 9.30)

ಆರ್‌ಸಿ ಪ್ರಶ್ನೆಗೆ ಉತ್ತರ ಬಂದಿಲ್ಲ. ಮಕ್ಕಳ ಪ್ರಶ್ನೆಗೂ ಬಂದಿಲ್ಲ. 2023ರ ಅಕ್ಟೋಬರ್‌ನಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಗ್ರಾಮೀಣ ಮೇಳವೊಂದರಲ್ಲಿ ಟ್ರ್ಯಾಕ್ಟರ್ ಸಾಹಸ ತೋರಿಸುತ್ತಿದ್ದ ಯುವಕ ಅದೇ ಟ್ರ್ಯಾಕ್ಟರಿನ ಕೆಳಗೆ ಸಿಕ್ಕಿ ಸತ್ತ. ವರ್ಷಗಳಿಂದ ಆ ಸಾಹಸ ಮಾಡಿದವನು, ಪಳಗಿದ ಕೈ. ಮರುದಿನಗಳಲ್ಲೇ ಅಲ್ಲಿಯ ಸರಕಾರ ಟ್ರ್ಯಾಕ್ಟರ್ ಸಾಹಸಗಳನ್ನು ನಿಷೇಧಿಸಿತು. ಪಳಗಿದವನಿಗೇ ಹಾಗಾದರೆ ನಿಮ್ಮ ಗತಿ?

ಮಾಲೂರಿನವನು (ಬೆಳಗ್ಗೆ 9.48)

ಅವನು ಟ್ರ್ಯಾಕ್ಟರಿನ ಹತ್ತಿರ ಇದ್ದ. ನಾವು ದೂರ ಇದ್ದೆವು. ಹೋಲಿಕೆಯೇ ತಪ್ಪು. ನಮ್ಮ ರಾಜ್ಯದಲ್ಲೇ ಬೆಳಗಾವಿ, ಬಾಗಲಕೋಟೆ ಕಡೆ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ನಡೆಯುತ್ತದೆ. ಮುಂದಿನ ಚಕ್ರ ಎದ್ದು ನಿಲ್ಲುತ್ತದೆ. ಅಲ್ಲಿ ಸಾವಿರಾರು ಜನ ಶಿಳ್ಳೆ ಹಾಕುತ್ತಾರೆ. ಅವರಿಗೆ ಯಾವ ಸೆಕ್ಷನ್ ಹೇಳುತ್ತೀರಿ?

ಕಾನೂನು ಕನ್ನಡ, ಚಿಕ್ಕಬಳ್ಳಾಪುರ (ಬೆಳಗ್ಗೆ 9.55)

ದೂರ ಎಂದರೆ ಎಷ್ಟು ಅಡಿ? ವಿಡಿಯೊದ ಹದಿನಾಲ್ಕನೆಯ ನಿಮಿಷದಲ್ಲಿ ಕೆಂಪು ಅಂಗಿಯ ಹುಡುಗ ಎಂಜಿನ್ನಿನಿಂದ ಎರಡು ಮಾರು ದೂರದಲ್ಲಿ ಮೊಬೈಲ್ ಚಾಚಿಕೊಂಡು ನಿಂತಿದ್ದಾನೆ. ಹತ್ತು ವರ್ಷವೂ ಇರಲಾರದು. ನನಗೂ ಅದೇ ವಯಸ್ಸಿನ ಮಗ ಇದ್ದಾನೆ. ಅದನ್ನು ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಸೆಕ್ಷನ್ ಬಿಡಿ, ಇದಕ್ಕೆ ಉತ್ತರ ಹೇಳಿ.

ಮಾಲೂರಿನವನು (ಬೆಳಗ್ಗೆ 10.20)

ಅವನು ನಮ್ಮ ಗೆಳೆಯನ ತಮ್ಮ. ಕರೆದರೂ ಹಿಂದೆ ಬರಲಿಲ್ಲ. ಎಲ್ಲರೂ ಸೇರಿ ನಮ್ಮನ್ನು ಕೊಲೆಗಾರರನ್ನಾಗಿ ಮಾಡಬೇಡಿ. ನಾನು ಐಟಿಐ ಡೀಸೆಲ್ ಮೆಕ್ಯಾನಿಕ್ ಓದಿದವನು. ವೇಮಗಲ್ಲಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ, ದಿನಕ್ಕೆ ಎಂಟು ಗಂಟೆ ಒಂದೇ ನಟ್ಟು ಬಿಗಿಯುತ್ತೇನೆ. ಅದೇ ನಟ್ಟು, ಅದೇ ಗನ್ನು. ಒಂದು ಇಡೀ ಎಂಜಿನ್ ಹೇಗೆ ಬದುಕುತ್ತದೆ, ಹೇಗೆ ಸಾಯುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದು ನಿನ್ನೆಯೇ ಮೊದಲು. ಐಟಿಐಯಲ್ಲಿ ಇದ್ದದ್ದು ಕತ್ತರಿಸಿ ಬಣ್ಣ ಬಳಿದ ಎಂಜಿನ್, ಅದು ಎಂದೂ ಓಡಲಿಲ್ಲ. ಇದನ್ನು ಬರೀ ಕುಣಿತ ಎಂದು ತಿಳಿದವರು ತಿಳಿಯಲಿ.

ನಿವೃತ್ತ ಚಾಲಕ, ಕೋಲಾರ (ಬೆಳಗ್ಗೆ 10.41)

ಸಾಯುವುದನ್ನು ನೋಡಿದೆ, ಸರಿ. ಬದುಕಿಸುವುದನ್ನು ನೋಡಬೇಕಿದ್ದರೆ ನನ್ನ ಬಳಿ ಬರಬೇಕಾಗಿತ್ತು. ಇಟ್ಟಿಗೆ ಇಡುವ ಕೆಲಸಕ್ಕೆ ಐಟಿಐ ಬೇಕಾಗಿಲ್ಲ.

ಆರು ಸಿಲಿಂಡರ್, ತುಮಕೂರು (ಬೆಳಗ್ಗೆ 11.02)

ಐಟಿಐ ಓದಿದವರು ಇದ್ದೀರಿ ಎಂದ ಮೇಲೆ ಜಗಳ ಬಗೆಹರಿಯಿತು. ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿ, ಅಳತೆಯ ವರ್ನಿಯರ್ ಇಟ್ಟು ಬೋರ್ ಅಳೆಯಿರಿ. 97 ಬಂದರೆ ಚಿಂತಾಮಣಿಯವರು ಬಾಯಿ ಮುಚ್ಚಬೇಕು.

ಲೇಲ್ಯಾಂಡ್ ಮನೆತನ, ಚಿಂತಾಮಣಿ (ಬೆಳಗ್ಗೆ 11.08)

ನಾನು ಅಳತೆಯ ಬಗ್ಗೆ ಎಂದು ಜಗಳವಾಡಿದೆ? ಎಲ್ಲಿ ತಯಾರಾಯಿತು ಎಂಬುದೇ ನನ್ನ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೀರಿ. ಅಳೆದರೂ 97 ಬರುವುದಿಲ್ಲ, ಬರೆದಿಟ್ಟುಕೊಳ್ಳಿ. ಜಾಮ್ ಆದ ಎಂಜಿನ್ನಿನ ಬೋರ್ ಗೀಚಿ ಹೋಗಿರುತ್ತದೆ.

ನಿವೃತ್ತ ಚಾಲಕ, ಕೋಲಾರ (ಬೆಳಗ್ಗೆ 11.30)

ಬೋರ್ ಕೆಲಸ ಆದ ಎಂಜಿನ್ನಿನಲ್ಲಿ ಓವರ್‌ಸೈಜ್ ಪಿಸ್ಟನ್ ಇರಬಹುದು, ಹೊಸ ಲೈನರ್ ಇರಬಹುದು. ಬೋರ್ ಅಳೆದು ಏನೂ ಗೊತ್ತಾಗುವುದಿಲ್ಲ. ಇಷ್ಟು ಹೊತ್ತು ವಾದ ಮಾಡುವ ಇಬ್ಬರೂ ಎಂದಾದರೂ ಹೆಡ್ ಇಳಿಸಿದ್ದೀರಾ?

ಆರು ಸಿಲಿಂಡರ್, ತುಮಕೂರು (ಬೆಳಗ್ಗೆ 11.36)

ಹಾಗಾದರೆ ಸ್ಟ್ರೋಕ್ ಅಳೆಯಿರಿ. ಮೇಸ್ತ್ರಿ ಬೋರ್ ಹಿಗ್ಗಿಸಬಲ್ಲ, ಸ್ಟ್ರೋಕ್ ಬದಲಿಸಲಾರ. ಕ್ರ್ಯಾಂಕಿನ ಮುಖ್ಯ ಜರ್ನಲ್ ನಡುವಿನಿಂದ ರಾಡ್ ಜರ್ನಲ್ ನಡುವಿಗೆ 64 ಮಿ.ಮೀ. ಬರಬೇಕು. ಅದರ ಎರಡರಷ್ಟು 128.

ಕೆರೆಯಂಗಳ, ಮುಳಬಾಗಿಲು (ಮಂಗಳವಾರ ಬೆಳಗ್ಗೆ 7.05)

ಎರಡು ದಿನವಾಯಿತು. ನಿನ್ನೆ ಸಂಜೆ ಮಾಲೂರು ಕಡೆ ಮೋಡ ಕವಿದಿತ್ತು. ಮಳೆ ಬಿದ್ದರೆ ಆ ಎಣ್ಣೆ ಕ್ವಾರಿಯ ಗುಂಡಿಗೆ ಇಳಿಯುತ್ತದೆ. ನೀವು ಮಿಲಿಮೀಟರ್ ಎಣಿಸುತ್ತಿರಿ. ನಾನು ಗ್ರಾಮ ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಬರೆದಿಟ್ಟಿದ್ದೇನೆ. ವಿಡಿಯೊದಿಂದ ತೆಗೆದ ಫೋಟೊ ಲಗತ್ತಿಸಿದ್ದೇನೆ. ಮಧ್ಯಾಹ್ನದವರೆಗೆ ಕಾಯುತ್ತೇನೆ.

ಮಾಲೂರಿನವನು (ಮಂಗಳವಾರ ಮಧ್ಯಾಹ್ನ 1.15)

ಅರ್ಜಿಗೆ ಹೆದರಿ ಬರೆಯುತ್ತಿಲ್ಲ. ಸೋಮವಾರ ಸಂಜೆಯೇ ನಾನೂ ಇನ್ನೊಬ್ಬನೂ ಹೋಗಿ ಎಣ್ಣೆ ಬಿದ್ದ ಜಲ್ಲಿಪುಡಿಯನ್ನು ಒಂದು ಅಡಿ ಆಳ ಅಗೆದು ಹನ್ನೊಂದು ಸಿಮೆಂಟ್ ಚೀಲಕ್ಕೆ ತುಂಬಿದೆವು. ಕೆಳಗೆ ಬಂಡೆ ಸಿಕ್ಕಿತು. ಬಂಡೆಯ ಬಿರುಕಿನೊಳಗೆ ಹೋದದ್ದನ್ನು ತೆಗೆಯಲು ಆಗಲಿಲ್ಲ. ಬ್ಯಾಟರಿಯನ್ನೂ ಬಿಚ್ಚಿ ತಂದಿದ್ದೇವೆ. ಚೀಲಗಳು ನನ್ನ ಮನೆಯ ಹಿಂದಿವೆ. ಎಲ್ಲಿಗೆ ಕೊಡಬೇಕು ಎಂದು ಯಾರೂ ಹೇಳುತ್ತಿಲ್ಲ, ಬೈಯುವವರು ಮಾತ್ರ ನೂರು ಜನ.

ಕೆರೆಯಂಗಳ, ಮುಳಬಾಗಿಲು (ಮಧ್ಯಾಹ್ನ 1.22)

ಬಿರುಕಿನೊಳಗೆ ಹೋಯಿತು ಎಂದು ನೀವೇ ಬರೆದಿರಿ. ಅರ್ಜಿ ಹೋಗುತ್ತದೆ. ಚೀಲಗಳ ಮೇಲೆ ಮಳೆ ಬೀಳದಂತೆ ತಗಡು ಮುಚ್ಚಿ.

ಕಾನೂನು ಕನ್ನಡ, ಚಿಕ್ಕಬಳ್ಳಾಪುರ (ಮಧ್ಯಾಹ್ನ 1.40)

ಆರ್‌ಸಿ?

ಮಾಲೂರಿನವನು (ಮಧ್ಯಾಹ್ನ 2.05)

ಆರ್‌ಸಿ ಹಳೆಯ ಮಾಲೀಕರ ಹೆಸರಿನಲ್ಲಿದೆ. ಅವರನ್ನೂ ಕರೆದುಕೊಂಡು ಆರ್‌ಟಿಒ ಕಚೇರಿಗೆ ಹೋಗುತ್ತೇವೆ. ಚಾಸಿಸ್ ನಂಬರ್ ಇರುವ ತುಂಡನ್ನು ಕತ್ತರಿಸಿ ತೆಗೆದಿಡಲು ಹೇಳಿದ್ದೇನೆ. ಗ್ಯಾಸ್ ಕಟರ್ ಗುರುವಾರ ಬೆಳಗ್ಗೆ ಬರುತ್ತದೆ. ಎಂಜಿನ್ ಇಳಿಸಿ ನೆಲದ ಮೇಲೆ ಇಟ್ಟಿದ್ದೇವೆ. ಮೂರನೆಯ ಸಿಲಿಂಡರಿನ ಬೇರಿಂಗ್ ಕರಗಿ ಕ್ರ್ಯಾಂಕಿಗೆ ಅಂಟಿದೆ, ಚಿನ್ನದ ರೇಕಿನಂತೆ ಹೊಳೆಯುತ್ತದೆ. ಅಳೆಯುವವರು ಬುಧವಾರ ಸಂಜೆಯೊಳಗೆ ಬನ್ನಿ. ಮುಂದಿನ ಲಾರಿಗೆ ನಾವು ಈಗಾಗಲೇ ದುಡ್ಡು ಕೂಡಿಸುತ್ತಿದ್ದೇವೆ ಎಂಬುದನ್ನೂ ಹೇಳಿಬಿಡುತ್ತೇನೆ.

ನಿವೃತ್ತ ಚಾಲಕ, ಕೋಲಾರ (ಮಧ್ಯಾಹ್ನ 2.30)

ಬುಧವಾರ ನಾನು ಬರುತ್ತೇನೆ. ಸ್ಟಿಯರಿಂಗ್ ಚಕ್ರಕ್ಕೆ ನೀಲಿ ಪ್ಲಾಸ್ಟಿಕ್ ದಾರ ಸುತ್ತಿದೆ, ವಿಡಿಯೊದಲ್ಲಿ ನೋಡಿದೆ. ಬೇಸಿಗೆಯಲ್ಲಿ ಕೈ ಸುಡದಿರಲೆಂದು ಯಾರೋ ಕುಳಿತು ಸುತ್ತಿದ್ದಾರೆ, ಒಂದು ಎಳೆಯೂ ಸಡಿಲವಿಲ್ಲ. ಆ ಚಕ್ರವನ್ನು ಕಟರ್‌ಗೆ ಕೊಡಬೇಡಿ. ಕಬ್ಬಿಣದ ತೂಕಕ್ಕೆ ಎಷ್ಟಾಗುತ್ತದೋ ಕೊಡುತ್ತೇನೆ.

ಆರು ಸಿಲಿಂಡರ್, ತುಮಕೂರು (ಮಧ್ಯಾಹ್ನ 2.34)

ನಾನೂ ಬರುತ್ತೇನೆ, ವರ್ನಿಯರ್ ನನ್ನದೇ ತರುತ್ತೇನೆ. 64 ಬರುತ್ತದೆ.

ಲೇಲ್ಯಾಂಡ್ ಮನೆತನ, ಚಿಂತಾಮಣಿ (ಮಧ್ಯಾಹ್ನ 2.36)

64 ಬಂದರೂ ಕಡೆದದ್ದು ಜೆಮ್‌ಶೆಡ್‌ಪುರದಲ್ಲೇ.